ಅಪ್ಪನ ಪಿಂಚಣಿ, ಐದು ಎಕರೆ ಕಾಫಿ: ಐಟಿಆರ್-1 ಸಾಕಾ, ಐಟಿಆರ್-2 ಬೇಕಾ?

ಮೂಡಿಗೆರೆ_ಮಗಳು (ಸೆ. 7, 2025, ಸಂಜೆ 6:10)
ಎಲ್ಲರಿಗೂ ನಮಸ್ಕಾರ. ಆದಾಯ ತೆರಿಗೆ ರಿಟರ್ನ್ (ಐಟಿಆರ್) ಹಾಕಲು 15ನೇ ತಾರೀಕು ಕೊನೆ. ಅದಕ್ಕೇ ಅವಸರದಲ್ಲಿ ಕೇಳುತ್ತಿದ್ದೇನೆ.

ಅಪ್ಪ ನಿವೃತ್ತ ಹೈಸ್ಕೂಲ್ ಹೆಡ್‌ಮಾಸ್ಟರ್, ವಯಸ್ಸು 72. ವರ್ಷಕ್ಕೆ ಪಿಂಚಣಿ ಏಳೂವರೆ ಲಕ್ಷ, ಎಫ್‌ಡಿ ಬಡ್ಡಿ ಒಂದೂಕಾಲು ಲಕ್ಷ. ಇದರ ಜೊತೆ ಐದು ಎಕರೆ ತೋಟ ಇದೆ. ಅರೇಬಿಕಾ ಸ್ವಲ್ಪ, ರೊಬಸ್ಟಾ ಜಾಸ್ತಿ, ಮರಗಳಿಗೆ ಮೆಣಸು ಹಬ್ಬಿಸಿದ್ದಾರೆ. ಆಳು, ಗೊಬ್ಬರ, ಸ್ಪ್ರೇ ಎಲ್ಲ ಕಳೆದು ಕಳೆದ ವರ್ಷ ಸುಮಾರು ನಾಲ್ಕು ಲಕ್ಷ ಕೈಯಲ್ಲಿ ಉಳಿದಿದೆ.

ಇಷ್ಟು ವರ್ಷ ಪೇಟೆಯಲ್ಲಿ ಒಬ್ಬರು ರಿಟರ್ನ್ ಹಾಕಿಕೊಡುತ್ತಿದ್ದರು. ಈ ಸಲ ನಾನೇ ಲಾಗಿನ್ ಆಗಿ ಹಳೆಯದನ್ನೆಲ್ಲ ತೆಗೆದು ನೋಡಿದೆ. ಪ್ರತಿ ವರ್ಷವೂ ಐಟಿಆರ್-1, ಕೃಷಿ ಆದಾಯದ ಜಾಗದಲ್ಲಿ ಏನೂ ಇಲ್ಲ. ಅವರನ್ನು ಕೇಳಿದರೆ "ಕಾಫಿಗೆ ಟ್ಯಾಕ್ಸೇ ಇಲ್ವಲ್ಲ ಮೇಡಂ, ಸುಮ್ನೆ ಯಾಕೆ ತೋರಿಸ್ಬೇಕು" ಅಂದರು. ಅಪ್ಪನೂ ಅದನ್ನೇ ಹೇಳುತ್ತಾರೆ. ಇದು ಸರಿನಾ? ನಾನೇ ಆನ್‌ಲೈನ್‌ನಲ್ಲಿ ಹಾಕಬಹುದಾ ಅಥವಾ ಸಿಎ ಹತ್ತಿರ ಹೋಗಲೇಬೇಕಾ?

ತೋಟದ_ಗೌಡ
ಕೃಷಿ ಆದಾಯಕ್ಕೆ ತೆರಿಗೆ ಇಲ್ಲ. ನಿಮ್ಮಪ್ಪ ಹೇಳಿದ್ದೇ ಸರಿ. ತಲೆ ಕೆಡಿಸಿಕೊಳ್ಳಬೇಡಿ.

ಲೆಕ್ಕದವನು_ಹಾಸನ
ಗೌಡ್ರೇ, ತೆರಿಗೆ ಇಲ್ಲ ಅನ್ನುವುದು ಬೇರೆ, ತೋರಿಸಬೇಕಾಗಿಲ್ಲ ಅನ್ನುವುದು ಬೇರೆ. ಎರಡನ್ನೂ ಸೇರಿಸಬೇಡಿ.

ಮೇಡಂ, ಕೃಷಿ ಆದಾಯ ವರ್ಷಕ್ಕೆ 5,000 ರೂ. ದಾಟಿದರೆ ಐಟಿಆರ್-1 ಹಾಕುವ ಹಾಗೇ ಇಲ್ಲ. ನಿಮ್ಮಪ್ಪನದು ಐಟಿಆರ್-2. ಅದರಲ್ಲಿ ಶೆಡ್ಯೂಲ್ ಇಐ ಅಂತ ಒಂದು ಭಾಗ ಬರುತ್ತದೆ. ಮೊದಲು ಒಟ್ಟು ಮಾರಾಟದ ಹಣ, ಅದರ ಕೆಳಗೆ ಖರ್ಚು, ಅದರ ಕೆಳಗೆ ಹಿಂದಿನ ಎಂಟು ವರ್ಷದ ನಷ್ಟ ಏನಾದರೂ ಇದ್ದರೆ ಅದು. ಕಳೆದು ಉಳಿದದ್ದನ್ನು ಅದೇ ತೋರಿಸುತ್ತದೆ. ನಿವ್ವಳ 5 ಲಕ್ಷ ದಾಟಿದರೆ ಮಾತ್ರ ಜಮೀನಿನ ವಿವರ ಕೇಳುತ್ತದೆ: ಜಿಲ್ಲೆ, ಪಿನ್‌ಕೋಡ್, ಎಷ್ಟು ಎಕರೆ, ಸ್ವಂತದ್ದಾ ಗುತ್ತಿಗೆಯದ್ದಾ, ನೀರಾವರಿಯಾ ಮಳೆ ಆಶ್ರಯವಾ ಅಂತ. ನಿಮಗೆ ಅದು ಬೇಡ.

ಇನ್ನು ಯಾರಿಗೂ ಇಷ್ಟವಾಗದ ವಿಷಯ. ಕಾಫಿಯ ನಾಲ್ಕು ಲಕ್ಷಕ್ಕೆ ನೇರವಾಗಿ ತೆರಿಗೆ ಇಲ್ಲ, ನಿಜ. ಆದರೆ ಪಿಂಚಣಿಗೆ ಯಾವ ದರ ಹಾಕಬೇಕು ಅಂತ ನೋಡುವಾಗ ಅದನ್ನೂ ಸೇರಿಸುತ್ತಾರೆ. ತೆರಿಗೆ ಹಾಕಲು ಹಳೆಯದು, ಹೊಸದು ಅಂತ ಎರಡು ಪದ್ಧತಿ ಇವೆ. ಹೊಸ ಪದ್ಧತಿಯಲ್ಲಿ ನಿಮ್ಮ ಲೆಕ್ಕ ಹೀಗೆ. ಪಿಂಚಣಿ, ಬಡ್ಡಿ ಸೇರಿ 8.75 ಲಕ್ಷ. ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಪಿಂಚಣಿಯಲ್ಲಿ ಬಿಲ್ಲು ಕೇಳದೆ ಬಿಡುವ ಮೊತ್ತ, 75,000 ಕಳೆದರೆ 8 ಲಕ್ಷ. ಇದಕ್ಕೆ ತೋಟದ 4 ಲಕ್ಷ ಸೇರಿಸಿ 12 ಲಕ್ಷಕ್ಕೆ ತೆರಿಗೆ ಹಾಕಿದರೆ 80,000. ಆಮೇಲೆ ತೋಟದ 4 ಲಕ್ಷಕ್ಕೆ ತೆರಿಗೆ ಇಲ್ಲದ ಮೊದಲ 3 ಲಕ್ಷ ಸೇರಿಸಿ 7 ಲಕ್ಷಕ್ಕೆ ಹಾಕಿದರೆ 20,000. ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ. 60,000. ಶೇ. 4 ಸೆಸ್ ಸೇರಿ 62,400. ತೋಟ ತೋರಿಸದಿದ್ದರೆ 31,200 ಮಾತ್ರ ಬರುತ್ತಿತ್ತು.

ಮೂಡಿಗೆರೆ_ಮಗಳು
ಅಯ್ಯೋ ಸರಿಯಾಗಿ ಡಬಲ್! ಇದನ್ನು ಅಪ್ಪನಿಗೆ ಹೇಗೆ ಹೇಳಲಿ?

ಬಯಲುಸೀಮೆ_ಕಡೂರು
ಊಟ ಆದಮೇಲೆ ಹೇಳಿ.

ಮಳೆನಾಡು_ಮಾರಾಯ
ಇವತ್ತು ಹೇಳಬೇಡಿ ಮಾರಾಯ್ರೇ, ರಾತ್ರಿ ಗ್ರಹಣ ಇದೆ. ಮೊದಲೇ ಊಟ ಮುಗಿಸಿ ಕೂತಿರುತ್ತಾರೆ.

ತೋಟದ_ಗೌಡ
ಇದು ಹಿಂಬಾಗಿಲಿನಿಂದ ತೆರಿಗೆ ವಸೂಲಿ ಅಲ್ಲದೆ ಇನ್ನೇನು? ಕೃಷಿ ಆದಾಯದ ತೆರಿಗೆ ರಾಜ್ಯಕ್ಕೆ ಸೇರಿದ್ದು ಅಂತ ಸಂವಿಧಾನದಲ್ಲೇ ಇದೆ, ರಾಜ್ಯ ಪಟ್ಟಿಯ 46ನೇ ನಮೂದು. ಮತ್ತೆ ಕೇಂದ್ರದವರು ಅದನ್ನು ಸೇರಿಸುವುದು ಕಳೆಯುವುದು ಯಾಕೆ? ನಾವು ಮಳೆ ಬಂದರೂ ಸಾಯಬೇಕು, ಬರದಿದ್ದರೂ ಸಾಯಬೇಕು. ರೇಟು ಬಂದ ಒಂದು ವರ್ಷ ಎಲ್ಲರ ಕಣ್ಣೂ ತೋಟದ ಮೇಲೆ. ರೇಟು ಬಿದ್ದ ವರ್ಷಗಳಲ್ಲಿ ಒಬ್ಬನೂ ಬಂದು ಹೇಗಿದ್ದೀರಿ ಅಂತ ಕೇಳಲಿಲ್ಲ.

ಲೆಕ್ಕದವನು_ಹಾಸನ
ನಿಮ್ಮ ಸಿಟ್ಟು ನ್ಯಾಯವೇ ಇರಬಹುದು, ಆದರೆ ಪದ್ಧತಿ ಹೊಸದಲ್ಲ. ಕೆ.ಎನ್. ರಾಜ್ ಸಮಿತಿ 1972ರಲ್ಲಿ ವರದಿ ಕೊಟ್ಟ ಮೇಲೆ 1973ರ ಹಣಕಾಸು ಕಾಯ್ದೆಯಲ್ಲಿ ಬಂದದ್ದು. ಮತ್ತೆ ಬೇರೆ ಆದಾಯ ಇಲ್ಲದೆ ತೋಟ ಒಂದೇ ಇರುವ ರೈತನಿಗೆ ಇದು ತಾಗುವುದೇ ಇಲ್ಲ. ಸಂಬಳ, ಪಿಂಚಣಿ, ಬಡ್ಡಿ ಇಂಥದ್ದು ವಿನಾಯಿತಿ ಮಿತಿ ದಾಟಿದವರಿಗೆ ಮಾತ್ರ. ಗೌಡ್ರೇ, ನಿಮಗೆ ಬೇರೆ ಏನೂ ಆದಾಯ ಇಲ್ಲದಿದ್ದರೆ ನೀವು ಯಾಕೆ ಬಿಸಿ ಆಗುತ್ತೀರಿ?

ತೋಟದ_ಗೌಡ
ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್. ಅರ್ಧ ತೋಟ ಅವನ ಹೆಸರಲ್ಲಿದೆ. ಅದಕ್ಕೇ ಬಿಸಿ.

ಬಯಲುಸೀಮೆ_ಕಡೂರು
😂😂

ನಿವೃತ್ತ_ಮೇಷ್ಟ್ರು (ಹೊಳೆನರಸೀಪುರ)
ಮಗಳೇ, ಹೊಸ ಪದ್ಧತಿಗೇ ಅಂಟಿಕೊಳ್ಳಬೇಡ. ಏನೂ ಹೇಳದಿದ್ದರೆ ಸೈಟು ಹೊಸದನ್ನೇ ಹಿಡಿಯುತ್ತದೆ. ಹಳೆಯದು ಬೇಕಾದರೆ ನೀನೇ ಆರಿಸಬೇಕು. ನಿಮ್ಮಪ್ಪನ ವಯಸ್ಸಿನವರಿಗೆ ಹಳೆಯದರಲ್ಲಿ ಅನುಕೂಲಗಳಿವೆ. ತೆರಿಗೆ ಕಾಯ್ದೆಯ 80ಟಿಟಿಬಿ ಸೆಕ್ಷನ್ ಪ್ರಕಾರ ಬ್ಯಾಂಕ್ ಬಡ್ಡಿಯಲ್ಲಿ 50,000 ಬಿಡುತ್ತಾರೆ. ಆರೋಗ್ಯ ವಿಮೆ ಇಲ್ಲದ ಹಿರಿಯರ ಔಷಧಿ, ಆಸ್ಪತ್ರೆ ಖರ್ಚನ್ನೂ 80ಡಿಯಲ್ಲಿ 50,000 ವರೆಗೆ ತೋರಿಸಬಹುದು, ಆದರೆ ನಗದಾಗಿ ಕೊಟ್ಟಿರಬಾರದು. ಆ ವರ್ಷ ಐದು ವರ್ಷದ ತೆರಿಗೆ ಉಳಿತಾಯದ ಎಫ್‌ಡಿಯನ್ನೋ ಹಿರಿಯರ ಉಳಿತಾಯ ಯೋಜನೆಯನ್ನೋ ಮಾಡಿದ್ದರೆ 80ಸಿಯಲ್ಲಿ ಒಂದೂವರೆ ಲಕ್ಷ. ಇವೆಲ್ಲ ಇದೆಯಾ ಅಂತ ಮೊದಲು ಅಪ್ಪನನ್ನು ಕೇಳು. ಬಿಲ್ಲುಗಳನ್ನು ತಗಡಿನ ಡಬ್ಬಿಯಲ್ಲಿ ಇಟ್ಟಿರುತ್ತಾರೆ, ನಮ್ಮ ಕಾಲದ ಮೇಷ್ಟ್ರುಗಳೆಲ್ಲ ಹಾಗೇ.

ಮೂಡಿಗೆರೆ_ಮಗಳು
ಸಾರ್, ಡಬ್ಬಿ ಅಲ್ಲ, ಹಳೇ ಹಾಜರಿ ಪುಸ್ತಕದ ಒಳಗೆ! ತೆರಿಗೆ ಉಳಿಸುವ ಎಫ್‌ಡಿ ಒಂದೂವರೆ ಲಕ್ಷಕ್ಕೆ ಮಾಡಿದ್ದಾರೆ. ವಿಮೆ ಇಲ್ಲ. ಮಂಗಳೂರಿನಲ್ಲಿ ಕಣ್ಣಿನ ಆಪರೇಷನ್ ಆಗಿತ್ತು, ದುಡ್ಡು ನಾನು ಅವರ ಖಾತೆಯಿಂದಲೇ ಕಾರ್ಡಿನಲ್ಲಿ ಕಟ್ಟಿದ್ದು. 50 ಸಾವಿರಕ್ಕಿಂತ ಜಾಸ್ತಿಯೇ ಆಗಿದೆ.

ಲೆಕ್ಕದವನು_ಹಾಸನ
ಹಾಗಾದರೆ ಮೇಷ್ಟ್ರು ಹೇಳಿದ್ದೇ ಸರಿ. ಹಳೆಯದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ಮಾತ್ರ. ಅದೂ, ಮೇಲಿನ ಮೂರೂ ಕಳೆದರೆ 8.75 ಲಕ್ಷದಲ್ಲಿ 5.75 ಉಳಿಯುತ್ತದೆ. ತೋಟ ಸೇರಿಸಿ 9.75 ಲಕ್ಷಕ್ಕೆ ಹಿರಿಯರ ದರದಲ್ಲಿ 1,05,000. ತೋಟದ 4 ಲಕ್ಷ ಮತ್ತು ಹಿರಿಯರ ವಿನಾಯಿತಿ 3 ಲಕ್ಷ ಸೇರಿ 7 ಲಕ್ಷಕ್ಕೆ 50,000. ವ್ಯತ್ಯಾಸ 55,000, ಸೆಸ್ ಸೇರಿ 57,200. ಹೊಸದಕ್ಕಿಂತ 5,200 ಕಡಿಮೆ.

ಒಂದು ಎಚ್ಚರಿಕೆ. ಹಳೆ ಪದ್ಧತಿ ಬೇಕಾದರೆ ಕೊನೆ ದಿನದ ಒಳಗೇ ಹಾಕಬೇಕು. ತಡವಾದರೆ ಹೊಸದೇ ಗತಿ, ಮೇಲಿಂದ 5,000 ದಂಡ. ಒಟ್ಟು ಆದಾಯ 5 ಲಕ್ಷದ ಒಳಗಿದ್ದರೆ ದಂಡ 1,000.

ಕಾಫಿಪುಡಿ_ಕಾವ್ಯ
ಒಂದು ನಿಮಿಷ. 12 ಲಕ್ಷದವರೆಗೆ ಟ್ಯಾಕ್ಸೇ ಇಲ್ಲ ಅಂತ ಬಜೆಟ್ ದಿನ ಎಲ್ಲಾ ಚಾನೆಲ್‌ಗಳಲ್ಲಿ ಹೊಡೆದುಕೊಂಡರಲ್ಲ? ಎಂಟು ಲಕ್ಷಕ್ಕೆ ಯಾಕೆ ಕಟ್ಟಬೇಕು?

ನಿವೃತ್ತ_ಮೇಷ್ಟ್ರು
ಅದು 2025ರ ಏಪ್ರಿಲ್ 1ರಿಂದ ಗಳಿಸಿದ ಹಣಕ್ಕಮ್ಮ. ಈಗ ಹಾಕುತ್ತಿರುವುದು 2025ರ ಮಾರ್ಚ್ 31ಕ್ಕೆ ಮುಗಿದ ವರ್ಷದ್ದು. ಇದಕ್ಕೆ ಹೊಸ ಪದ್ಧತಿಯಲ್ಲಿ 7 ಲಕ್ಷದವರೆಗೆ ರಿಯಾಯಿತಿ. ನಮ್ಮ ಪಿಂಚಣಿದಾರರ ಸಂಘದಲ್ಲಿ ಅರ್ಧ ಜನ ಈ 12 ಲಕ್ಷದ ಗುಂಗಿನಲ್ಲಿ ರಿಟರ್ನೇ ಹಾಕದೆ ಕೂತಿದ್ದಾರೆ.

ಆನೆಕಾಡು_ಸಕಲೇಶಪುರ
ನಿಮ್ಮದೆಲ್ಲ ಲೆಕ್ಕದ ಸಮಸ್ಯೆ. ನನ್ನದು ಒಟಿಪಿ. ಫಾರಂ ತುಂಬಿ ಆಗಿದೆ. ಆಧಾರ್ ಒಟಿಪಿ ಬಂದರೆ ವೆರಿಫೈ ಮಾಡಿ ಮುಗಿಸಬಹುದು. ಮನೆಯಲ್ಲಿ ವೈಫೈ ಇದೆ, ಆದರೆ ಮೊಬೈಲ್ ಸಿಗ್ನಲ್ ಸಿಗುವುದು ಕೆಳಗೆ ಗೇಟಿನ ಹತ್ತಿರ ಹಲಸಿನ ಮರದ ಪಕ್ಕ ನಿಂತರೆ ಮಾತ್ರ. ಅಲ್ಲಿ ವೈಫೈ ಇಲ್ಲ. ಒಟಿಪಿ ಇರುವುದು 15 ನಿಮಿಷ. ಹಗಲು ಸೈಟು ತೆವಳುತ್ತದೆ, ರಾತ್ರಿ ಓಡುತ್ತದೆ. ರಾತ್ರಿ ಗೇಟಿಗೆ ಹೋಗೋಣ ಅಂದರೆ ಆನೆ ಬಂದಿದೆ ಅಂತ ವಾಟ್ಸಾಪ್ ಗ್ರೂಪಲ್ಲಿ ಮೆಸೇಜು. ಹೆಂಡತಿ ಬೈಯುತ್ತಾಳೆ, ಟ್ಯಾಕ್ಸ್ ಕಟ್ಟಲು ಹೋಗಿ ಆನೆ ಕಾಲಿಗೆ ಸಿಕ್ಕಿದ ಅಂತ ಪೇಪರಲ್ಲಿ ಬರುತ್ತದೆ ಅಂತ.

ಮಳೆನಾಡು_ಮಾರಾಯ
ಆ ಮೆಸೇಜು ನಮ್ಮ ಗ್ರೂಪಿಗೂ ಬಂತು. ಆಲೂರು ಕಡೆಯಿಂದ ದಾಟಿದ್ದಾವಂತೆ.

ಬೇಲೂರು_ಬಸ್‌ಸ್ಟ್ಯಾಂಡ್
ಆನೆಕಾಡು ಅಣ್ಣ, ಆಧಾರ್ ಒಟಿಪಿಯೇ ಬೇಕು ಅಂತೇನೂ ಇಲ್ಲ. ನೆಟ್‌ಬ್ಯಾಂಕಿಂಗ್ ಇದ್ದರೆ ಬ್ಯಾಂಕ್ ಮೂಲಕ ಪೋರ್ಟಲ್‌ಗೆ ಹೋಗಿ ವೆರಿಫೈ ಮಾಡಬಹುದು. ಅದೂ ಬೇಡ ಅಂದರೆ ಸಬ್ಮಿಟ್ ಮಾಡಿ ಐಟಿಆರ್-ವಿ (ರಿಟರ್ನ್ ಹಾಕಿದ್ದಕ್ಕೆ ಬರುವ ಸ್ವೀಕೃತಿ) ಪ್ರಿಂಟ್ ತೆಗೆದು, ಸಹಿ ಹಾಕಿ, ಸ್ಪೀಡ್ ಪೋಸ್ಟ್‌ನಲ್ಲಿ ಬೆಂಗಳೂರು 560500ಕ್ಕೆ ಕಳಿಸಿ. ಸಿಪಿಸಿ (ರಿಟರ್ನ್ ಪರಿಶೀಲಿಸುವ ಇಲಾಖೆಯ ಕೇಂದ್ರ) ಅಂತ ಬರೆದರೆ ಸಾಕು. ಹಾಕಿದ ದಿನದಿಂದ 30 ದಿನ ಟೈಮ್ ಇದೆ. ಮೊದಲು 120 ದಿನ ಇತ್ತು, 2022ರ ಆಗಸ್ಟ್‌ನಿಂದ ಇಳಿಸಿದರು. ಒಟ್ಟಿನಲ್ಲಿ ವೆರಿಫೈ ಆಗದ ರಿಟರ್ನ್ ಹಾಕದೇ ಇದ್ದ ಹಾಗೇ. ಸುಮಾರು ಜನ ಸಬ್ಮಿಟ್ ಒತ್ತಿ ಮುಗೀತು ಅಂದುಕೊಂಡುಬಿಡುತ್ತಾರೆ.

ಆನೆಕಾಡು_ಸಕಲೇಶಪುರ
ಸ್ಪೀಡ್ ಪೋಸ್ಟೇ ವಾಸಿ. ಪೋಸ್ಟ್‌ಮನ್‌ಗೆ ಆನೆ ಅಭ್ಯಾಸ ಇದೆ.

ಕಾಫಿಪುಡಿ_ಕಾವ್ಯ
ನನ್ನದೊಂದು ಪ್ರಶ್ನೆ. ನಮ್ಮ ಮನೆ ತೋಟದ ಕಾಫಿಯನ್ನೇ ಹುರಿದು ಪುಡಿ ಮಾಡಿ ಪ್ಯಾಕೆಟ್ ಮಾರುತ್ತೇನೆ, ಚಿಕೋರಿ ಬೆರೆಸಿದ್ದೂ ಇದೆ. ಇದೂ ಕೃಷಿ ಅಲ್ವಾ? ಬೆಳೆದದ್ದು ನಮ್ಮದೇ.

ಲೆಕ್ಕದವನು_ಹಾಸನ
ಪೂರ್ತಿ ಅಲ್ಲ. ಕಾಫಿಗೆ ಅಂತಲೇ ನಿಯಮ 7ಬಿ ಇದೆ. ಚೆರಿನೋ (ಹಣ್ಣು ಹಾಗೇ ಒಣಗಿಸಿದ್ದು) ಪಾರ್ಚ್‌ಮೆಂಟೋ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಹಾಗೇ ಮಾರಿದರೆ ಪೂರ್ತಿ ಕೃಷಿ. ಬೆಳೆದವರೇ ಕ್ಯೂರಿಂಗ್ (ಹೊಟ್ಟು ತೆಗೆದು ಬೀಜ ವಿಂಗಡಿಸುವುದು) ಮಾಡಿ ಮಾರಿದರೆ ಲಾಭದ ಶೇ. 25 ವ್ಯಾಪಾರದ ಆದಾಯ, ಉಳಿದ 75 ಕೃಷಿ. ಬೆಳೆದು, ಕ್ಯೂರ್ ಮಾಡಿ, ಹುರಿದು ಪುಡಿ ಮಾಡಿ ಮಾರಿದರೆ ಶೇ. 40 ವ್ಯಾಪಾರ. ಚಿಕೋರಿ ಹಾಕಿದರೂ ಹಾಕದಿದ್ದರೂ ಅಷ್ಟೇ. ನಿಮ್ಮದು 40ರ ಲೆಕ್ಕಕ್ಕೆ ಬರುತ್ತದೆ, ಆಗ ಐಟಿಆರ್-2 ಅಲ್ಲ, ಐಟಿಆರ್-3. ಬೇರೆಯವರ ಬೀಜ ಕೊಂಡು ಪುಡಿ ಮಾಡಿದರೆ ಆ ಭಾಗದ ಲಾಭ ನೂರಕ್ಕೆ ನೂರು ವ್ಯಾಪಾರವೇ.

ತೋಟದ_ಗೌಡ
ಹುರಿದರೆ ಒಂದು, ಒಣಗಿಸಿದರೆ ಒಂದು. ಕಣದಲ್ಲಿ ನಿಂತು ಈ ನಿಯಮ ಬರೆದವರು ಯಾರೂ ಇಲ್ಲ.

ಲೆಕ್ಕದವನು_ಹಾಸನ
ಒಣಗಿಸಿದ್ದಕ್ಕೆ ಏನೂ ಇಲ್ಲ ಗೌಡ್ರೇ. ಮಾರುಕಟ್ಟೆಗೆ ಒಯ್ಯಲು ಎಲ್ಲ ರೈತರೂ ಮಾಡುವ ಕೆಲಸ ಕೃಷಿಯ ಒಳಗೇ. ಮೆಣಸು ಬಿಡಿಸಿ ಒಣಗಿಸುವುದೂ ಅಷ್ಟೇ.

ಹಾಲು_ಹಾಕೋ_ಹೈದ (ಚನ್ನರಾಯಪಟ್ಟಣ)
ಹಾಗಾದರೆ ಡೈರಿಗೆ ಹಾಲು ಹಾಕುವುದು? ನಮ್ಮ ಮನೆಯಲ್ಲಿ ಆರು ಹಸು ಇದೆ. ಅದು ಕೃಷಿ ತಾನೇ?

ಲೆಕ್ಕದವನು_ಹಾಸನ
ತೆರಿಗೆ ಕಾಯ್ದೆಯಲ್ಲಿ ಹೈನುಗಾರಿಕೆ ಕೃಷಿ ಅಲ್ಲ. ಕೋಳಿ ಸಾಕಣೆಯೂ ಅಲ್ಲ. ಆದರೆ ನರ್ಸರಿಯಲ್ಲಿ ಬೆಳೆಸಿದ ಕಾಫಿ ಸಸಿ, ಮೆಣಸಿನ ಬಳ್ಳಿ ಮಾರಿದರೆ ಅದು ಕೃಷಿ. ಆರು ಹಸುವಿನ ಹಾಲಲ್ಲಿ ಹಿಂಡಿ, ಬೂಸಾ ಖರ್ಚು ಕಳೆದು ವಿನಾಯಿತಿ ಮಿತಿ ದಾಟುವುದಿಲ್ಲ, ಹೆದರಬೇಡಿ.

ಹಾಲು_ಹಾಕೋ_ಹೈದ
ಬೂಸಾ ರೇಟು ನೋಡಿದರೆ ಸರ್ಕಾರವೇ ನಮಗೆ ಕೊಡಬೇಕು.

ಹೋಂಸ್ಟೇ_ಹರೀಶ
ಮುಳ್ಳಯ್ಯನಗಿರಿ ರಸ್ತೆಯಲ್ಲಿ ತೋಟದ ಮನೆಯ ಮೂರು ರೂಮು ಹೋಂಸ್ಟೇ ಮಾಡಿದ್ದೇನೆ. ತೋಟದ ಒಳಗೇ ಇದೆ. ಅದನ್ನೂ ಕೃಷಿಗೆ ಸೇರಿಸಿ ಹಾಕು ಅಂತ ಭಾವ ಹೇಳುತ್ತಿದ್ದಾನೆ.

ಬೇಲೂರು_ಬಸ್‌ಸ್ಟ್ಯಾಂಡ್
ನಿಮ್ಮ ಭಾವನ ಮಾತು ಕೇಳಿ ಎಷ್ಟು ಜನ ನೋಟಿಸ್ ತಗೊಂಡಿದ್ದಾರೆ ಅಂತ ಮೊದಲು ವಿಚಾರಿಸಿ.

ಲೆಕ್ಕದವನು_ಹಾಸನ
ತೋಟದ ಒಳಗಿದ್ದರೂ ಅತಿಥಿ ಕೊಡುವ ಬಾಡಿಗೆ ಕೃಷಿ ಅಲ್ಲ, ವ್ಯಾಪಾರ. ಸಣ್ಣ ವ್ಯಾಪಾರಿಗಳಿಗೆ ಇರುವ 44ಎಡಿ ಸೆಕ್ಷನ್ ಪ್ರಕಾರ ಅಂದಾಜು ಲಾಭ ತೋರಿಸಬಹುದು: ಬ್ಯಾಂಕ್, ಯುಪಿಐನಲ್ಲಿ ಬಂದದ್ದಕ್ಕೆ ಕನಿಷ್ಠ ಶೇ. 6, ನಗದಿಗೆ ಶೇ. 8. ಇದಕ್ಕೆ ಎಲ್ಲರೂ ಐಟಿಆರ್-4 ಅನ್ನುತ್ತಾರೆ. ಆದರೆ ಕೃಷಿ ಆದಾಯ 5,000 ದಾಟಿದ್ದರೆ ಐಟಿಆರ್-4 ಕೂಡ ಆಗುವುದಿಲ್ಲ, ಐಟಿಆರ್-3ಕ್ಕೇ ಹೋಗಬೇಕು. ನಮ್ಮ ಜಿಲ್ಲೆಗಳಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ.

ಹೋಂಸ್ಟೇ_ಹರೀಶ
ಸರಿ, ಭಾವನಿಗೆ ಈ ಲಿಂಕ್ ಕಳಿಸುತ್ತೇನೆ. ಬೇಲೂರಿನವರ ಕಾಮೆಂಟ್ ಸಮೇತ.

ರೈಟರ್_ರಾಜು
ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ನಾನು ಎಸ್ಟೇಟಿನಲ್ಲಿ ರೈಟರ್, ಆಳುಗಳ ಲೆಕ್ಕ ಬರೆಯುವವನು. ಕೊಯ್ಲಿನ ಕಾಲದಲ್ಲಿ ವಾರ ವಾರ ಬಟವಾಡೆಗೆ ನಗದು ಬೇಕು, ಎಲ್ಲರಿಗೂ ಫೋನ್‌ಪೇ ಮಾಡಲು ಆಗುವುದಿಲ್ಲ. ಧಣಿಗಳು ಕೃಷಿ ಅಂತ ರಿಟರ್ನೇ ಹಾಕಿರಲಿಲ್ಲ. ಹಿಂದಿನ ಮೂರು ವರ್ಷ ರಿಟರ್ನ್ ಹಾಕದವರು ವರ್ಷಕ್ಕೆ 20 ಲಕ್ಷ ದಾಟಿ ನಗದು ತೆಗೆದರೆ ಬ್ಯಾಂಕಿನವರು ಶೇ. 2 ಟಿಡಿಎಸ್ (ಮೊದಲೇ ಹಿಡಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ, 194ಎನ್ ಸೆಕ್ಷನ್ ಅಂತ. ಒಂದು ಕೋಟಿ ದಾಟಿದರೆ ಶೇ. 5. ರಿಟರ್ನ್ ಹಾಕಿದವರಿಗೆ ಒಂದು ಕೋಟಿವರೆಗೆ ಏನೂ ಇಲ್ಲ. ತೆರಿಗೆ ಬರದಿದ್ದರೂ ಸುಮ್ನೆ ಒಂದು ರಿಟರ್ನ್ ಹಾಕಿ ಇಡುವುದು ತೋಟದವರಿಗೆ ಒಳ್ಳೆಯದೇ.

ತೋಟದ_ಗೌಡ
ಇದು ಗೊತ್ತಿರಲಿಲ್ಲ. ಒಳ್ಳೇ ಮಾತು ರಾಜಣ್ಣ.

ರೈಟರ್_ರಾಜು
ಇನ್ನೊಂದು. ಮೆಣಸಿನ ವ್ಯಾಪಾರಿ ಕೈಗೆ ನಗದು ಕೊಡುತ್ತೇನೆ ಅಂದರೆ ಒಂದೇ ದಿನ ಒಬ್ಬರಿಂದ 2 ಲಕ್ಷ ಮುಟ್ಟುವ ಹಾಗಿಲ್ಲ. ತಗೊಂಡವನಿಗೇ ದಂಡ, ಅಷ್ಟೇ ಮೊತ್ತ. ಎಸ್‌ಬಿ ಖಾತೆಗೆ ವರ್ಷಕ್ಕೆ 10 ಲಕ್ಷ ನಗದು ತುಂಬಿದರೆ ಬ್ಯಾಂಕೇ ಇಲಾಖೆಗೆ ತಿಳಿಸುತ್ತದೆ.

ಬಯಲುಸೀಮೆ_ಕಡೂರು
ರಾಜಣ್ಣ ಧಣಿಗಿಂತ ಜಾಸ್ತಿ ತಿಳಿದುಕೊಂಡಿದ್ದಾರೆ. ಧಣಿ ಈ ಚರ್ಚೆ ಓದುತ್ತಿಲ್ಲ ತಾನೇ?

ಶೃಂಗೇರಿ_ಶಾರದಾ
ನಮ್ಮ ಅತ್ತೆಗೆ ಕುಟುಂಬ ಪಿಂಚಣಿ. ಮಾವ ತಾಲ್ಲೂಕು ಕಚೇರಿಯಲ್ಲಿದ್ದರು. ಅದನ್ನೂ ಸಂಬಳದ ಕಾಲಂಗೇ ಹಾಕುವುದಾ?

ನಿವೃತ್ತ_ಮೇಷ್ಟ್ರು
ಇಲ್ಲಮ್ಮ. ಸ್ವಂತ ಪಿಂಚಣಿ ಸಂಬಳದ ಕಾಲಂಗೆ ಬರುತ್ತದೆ. ಗಂಡನ ಕಾಲಾನಂತರ ಬರುವ ಕುಟುಂಬ ಪಿಂಚಣಿ ಇತರ ಮೂಲಗಳ ಆದಾಯ. ಅದಕ್ಕೆ 75,000 ಕಳೆಯುವ ಹಾಗಿಲ್ಲ. ಮೂರನೇ ಒಂದು ಭಾಗ ಅಥವಾ 25,000, ಯಾವುದು ಕಡಿಮೆಯೋ ಅಷ್ಟು. ಹಳೆ ಪದ್ಧತಿಯಲ್ಲಿ 15,000. ವಿಧವಾ ಪಿಂಚಣಿದಾರರ ಎಷ್ಟೋ ರಿಟರ್ನ್‌ಗಳಲ್ಲಿ ಇದನ್ನು ಸಂಬಳಕ್ಕೇ ಹಾಕಿರುತ್ತಾರೆ. ಆಮೇಲೆ ಇಲಾಖೆಯಿಂದ ಪತ್ರ ಬಂದರೆ ಆ ವಯಸ್ಸಿನಲ್ಲಿ ಗಾಬರಿ ಬೀಳುತ್ತಾರೆ. ಅತ್ತೆಯ ಹೆಸರಲ್ಲಿ ಬ್ಯಾಂಕಿಗೆ 15ಎಚ್ (ಬಡ್ಡಿಯಲ್ಲಿ ತೆರಿಗೆ ಹಿಡಿಯಬೇಡಿ ಅಂತ ಹಿರಿಯರು ಕೊಡುವ ಫಾರಂ) ಕೊಟ್ಟಿದ್ದೀರಾ? ಕಟ್ಟಬೇಕಾದ ತೆರಿಗೆ ಸೊನ್ನೆ ಅಂತಾದರೆ ಏಪ್ರಿಲ್‌ನಲ್ಲೇ ಕೊಟ್ಟುಬಿಡಿ, ಎಫ್‌ಡಿ ಬಡ್ಡಿಯಲ್ಲಿ ಹಿಡಿಯುವುದಿಲ್ಲ.

ಶೃಂಗೇರಿ_ಶಾರದಾ
ಕೊಟ್ಟಿಲ್ಲ ಸಾರ್. ಹಿಡಿದಿದ್ದಾರೆ. ರೀಫಂಡ್ ಬರುತ್ತದಾ?

ನಿವೃತ್ತ_ಮೇಷ್ಟ್ರು
26ಎಎಸ್‌ನಲ್ಲಿ (ಹಿಡಿದ ತೆರಿಗೆಯ ಲೆಕ್ಕ ತೋರಿಸುವ ಪಟ್ಟಿ) ಆ ಟಿಡಿಎಸ್ ಕಾಣುತ್ತಿದ್ದರೆ ರಿಟರ್ನ್ ಹಾಕಿ, ಬರುತ್ತದೆ. ಬ್ಯಾಂಕ್ ಖಾತೆ ಪೋರ್ಟಲ್‌ನಲ್ಲಿ ವ್ಯಾಲಿಡೇಟ್ ಆಗಿರಬೇಕು.

ಬೇಲೂರು_ಬಸ್‌ಸ್ಟ್ಯಾಂಡ್
ಹಳೇ ಪಾಸ್‌ಬುಕ್ ನೋಡಿ ಐಎಫ್‌ಎಸ್‌ಸಿ ಹಾಕಬೇಡಿ. ನಮ್ಮ ಕಡೆ ಎಲ್ಲರ ಖಾತೆಯೂ ವಿಜಯ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕಿನದ್ದೇ. ವಿಜಯ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಕೋಡ್ ಎಲ್ಲ ಬದಲಾಗಿದೆ. ಪ್ಯಾನ್‌ನಲ್ಲಿರುವ ಹೆಸರು, ಬ್ಯಾಂಕಿನ ಹೆಸರು ಹೊಂದಬೇಕು. ನಮ್ಮ ದೊಡ್ಡಪ್ಪನದು ಒಂದು ಕಡೆ ಊರಿನ ಹೆಸರು ಮುಂದೆ, ಇನ್ನೊಂದು ಕಡೆ ಹಿಂದೆ. ಅದಕ್ಕೇ ನಿಂತಿತ್ತು.

ಮೂಡಿಗೆರೆ_ಮಗಳು (ಸೆ. 9)
ಮುಂದಿನ ಕಥೆ ಕೇಳಿ. ಅಪ್ಪನ ಲಾಗಿನ್‌ನಲ್ಲಿ ಮೊಬೈಲ್ ನಂಬರ್, ಇಮೇಲ್ ಎರಡೂ ಆ ಪೇಟೆಯವರದ್ದೇ ಇತ್ತು. ಇಲಾಖೆಯ ಮೆಸೇಜ್ ಎಲ್ಲ ಅವರಿಗೇ ಹೋಗುತ್ತಿತ್ತು. ಮೊದಲು ಅದನ್ನು ಬದಲಾಯಿಸಿದೆ.

ಆಮೇಲೆ ಎಐಎಸ್, ಅಂದರೆ ಅಪ್ಪನ ಆದಾಯದ ಬಗ್ಗೆ ಇಲಾಖೆಯ ಹತ್ತಿರ ಇರುವ ಮಾಹಿತಿಯ ಪಟ್ಟಿ, ಇಳಿಸಿಕೊಂಡೆ. ಫೈಲ್ ತೆರೆಯಲು ಪಾಸ್‌ವರ್ಡ್ ಪ್ಯಾನ್ ಸಣ್ಣಕ್ಷರದಲ್ಲಿ, ಜೊತೆಗೆ ಹುಟ್ಟಿದ ದಿನಾಂಕ. ಅದರಲ್ಲಿ ಎಫ್‌ಡಿ ಬಡ್ಡಿ, ಎಸ್‌ಬಿ ಬಡ್ಡಿ ಅಲ್ಲದೆ ಅಪ್ಪ ಯಾವತ್ತೋ ತಗೊಂಡು ಮರೆತ ಷೇರಿನ ಡಿವಿಡೆಂಡ್ 840 ರೂಪಾಯಿ ಕೂಡ ಇದೆ. ಅಪ್ಪ ಅದನ್ನು ನೋಡಿ ಖುಷಿಪಟ್ಟರು, ಆ ಕಂಪನಿ ಇನ್ನೂ ಇದೆಯಾ ಅಂತ!

ಲೆಕ್ಕದವನು_ಹಾಸನ
ಅದನ್ನೂ ಇತರ ಆದಾಯಕ್ಕೆ ಸೇರಿಸಿ. ನಂಬರ್ ಬದಲಾಯಿಸಿದ್ದು ಒಳ್ಳೇದಾಯ್ತು. ಇಲ್ಲಿ ಎಲ್ಲರೂ ಒಮ್ಮೆ ಲಾಗಿನ್ ಆಗಿ ಪ್ರೊಫೈಲ್ ನೋಡಿಕೊಳ್ಳಿ. ರೀಫಂಡ್ ಕೊಡಿಸುತ್ತೇನೆ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ ಅನ್ನುವವರ ಹತ್ತಿರ ಹೋಗಲೇಬೇಡಿ. ಕೊಡದ ದೇಣಿಗೆ, ಇಲ್ಲದ ಬಾಡಿಗೆ, ಓದದ ಮಕ್ಕಳ ಫೀಸು ಎಲ್ಲ ಹಾಕಿಬಿಡುತ್ತಾರೆ. ಈ ಜುಲೈ 14ರಂದು ಇಂಥ ಸುಳ್ಳು ಕಡಿತಗಳ ಮೇಲೆ ಇಲಾಖೆ ದೇಶದಲ್ಲಿ 150 ಕಡೆ ಪರಿಶೀಲನೆ ಮಾಡಿತು. ಸಿಕ್ಕಿಬಿದ್ದರೆ ಕಟ್ಟುವುದು ನೀವು, ಅವರಲ್ಲ.

ಆನೆಕಾಡು_ಸಕಲೇಶಪುರ
ನಮ್ಮ ಶಾಲಾ ಸ್ನೇಹಿತರಲ್ಲೂ ಒಬ್ಬರಿಗೆ ಹಾಗೆ ರೀಫಂಡ್ ಬಂದಿತ್ತು. ಎಲ್ಲರಿಗೂ ಹೋಳಿಗೆ ಊಟ ಹಾಕಿಸಿದ್ದರು. ಈಗ ಬಡ್ಡಿ ಸಮೇತ ವಾಪಸ್ ಕಟ್ಟುತ್ತಿದ್ದಾರೆ. ಹೋಳಿಗೆ ಮಾತ್ರ ವಾಪಸ್ ಕೇಳಲಿಲ್ಲ.

ಮೂಡಿಗೆರೆ_ಮಗಳು
ಹಿಂದಿನ ವರ್ಷಗಳದ್ದು ಏನು ಮಾಡುವುದು? ಅದರಲ್ಲೆಲ್ಲ ತೋಟ ತೋರಿಸಿಲ್ಲ.

ತೋಟದ_ಗೌಡ
ಮುಗಿದದ್ದು ಮುಗೀತು. ಮಲಗಿದ್ದನ್ನು ಎಬ್ಬಿಸಬೇಡಿ.

ಲೆಕ್ಕದವನು_ಹಾಸನ
ಗೌಡ್ರ ಸಲಹೆ ಗೌಡ್ರಿಗೇ ಇರಲಿ. ಹಳೇ ವರ್ಷಗಳ ರಿಟರ್ನ್ ಸರಿಪಡಿಸಲು ಐಟಿಆರ್-ಯು ಅಂತ ಒಂದು ಫಾರಂ ಇದೆ. ಈ ಏಪ್ರಿಲ್‌ನಿಂದ ನಾಲ್ಕು ವರ್ಷ ಹಿಂದಿನವರೆಗೂ ಸರಿಪಡಿಸಬಹುದು. ಬಾಕಿ ತೆರಿಗೆ, ಬಡ್ಡಿ ಕಟ್ಟಿ ಅದರ ಮೇಲೆ ಹೆಚ್ಚುವರಿ: ಮೊದಲ ವರ್ಷ ಶೇ. 25, ಎರಡನೆಯದಕ್ಕೆ 50, ಆಮೇಲೆ 60, 70. ಆಗ ಕಾಫಿ ರೇಟು ಕಡಿಮೆ ಇತ್ತು, ವ್ಯತ್ಯಾಸವೂ ಕಡಿಮೆ ಇರಬಹುದು. ವರ್ಷವಾರು ಲೆಕ್ಕ ಹಾಕಿ ನೋಡಿ. ಈ ಭಾಗಕ್ಕೆ ಮಾತ್ರ ಒಬ್ಬ ಒಳ್ಳೆ ಸಿಎ ಹತ್ತಿರ ಹೋಗಿ ಅಂತ ನಾನೇ ಹೇಳುತ್ತೇನೆ. ಈ ವರ್ಷದ್ದನ್ನು ನೀವೇ ಹಾಕಬಹುದು.

ನಿವೃತ್ತ_ಮೇಷ್ಟ್ರು
ನಾನು ಇದಕ್ಕೆ ಪೂರ್ತಿ ಒಪ್ಪುತ್ತೇನೆ. ನಲವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು ತಮ್ಮ ಲೆಕ್ಕವನ್ನು ಪೇಟೆಯಲ್ಲಿ ಯಾರಿಗೋ ಬಿಟ್ಟು ಕೂರುವುದು ನನಗೆ ಸರಿ ಕಾಣುವುದಿಲ್ಲ. ಕಂಪ್ಯೂಟರ್ ಬಾರದಿದ್ದರೆ ಮಗಳು ಟೈಪ್ ಮಾಡಲಿ, ಅಂಕಿ ಅಪ್ಪನೇ ಹೇಳಲಿ.

ಮೂಡಿಗೆರೆ_ಮಗಳು (ಸೆ. 12)
ಹಾಕಿ ಆಯ್ತು! ಐಟಿಆರ್-2, ಹಳೆ ಪದ್ಧತಿ. ಡಿವಿಡೆಂಡ್‌ನಿಂದ ಸ್ವಲ್ಪ ಮೇಲೆ ಹೋಯಿತು, ಉಳಿದದ್ದು ಲೆಕ್ಕದವನು ಸಾರ್ ಹೇಳಿದ ಮೊತ್ತಕ್ಕೇ ಬಂತು. ಟಿಡಿಎಸ್ ಕಳೆದು ಬಾಕಿಯನ್ನು ಆನ್‌ಲೈನ್‌ನಲ್ಲಿ ಕಟ್ಟಿದೆ, ಚಲನ್ ನಂಬರ್ ತಾನೇ ಬಂದು ಕೂತಿತು. ಅಪ್ಪ ಖರ್ಚಿನ ಪುಸ್ತಕ ಹಿಡಿದು ಪಕ್ಕದಲ್ಲೇ ಕೂತಿದ್ದರು, ಗೊಬ್ಬರದ ಒಂದು ಚೀಟಿ ಬಿಟ್ಟುಹೋಗಿದೆ ಅಂತ ಸಬ್ಮಿಟ್ ಒತ್ತಲು ಬಿಡಲಿಲ್ಲ. ಆ ಚೀಟಿ ಸಿಕ್ಕ ಮೇಲೇ ಮುಗಿದದ್ದು.

ಹೋಂಸ್ಟೇ_ಹರೀಶ (ಸೆ. 15, ರಾತ್ರಿ)
ಸೈಟು ತಿರುಗುತ್ತಲೇ ಇದೆ. ಯಾರಿಗಾದರೂ ಓಪನ್ ಆಗುತ್ತಿದೆಯಾ?

ಬೇಲೂರು_ಬಸ್‌ಸ್ಟ್ಯಾಂಡ್
ಕೊನೆ ದಿನದವರೆಗೆ ಕಾಯಿರಿ ಅಂತ ಭಾವ ಹೇಳಿದ್ದನಾ?

ಆನೆಕಾಡು_ಸಕಲೇಶಪುರ (ಸೆ. 16, ಬೆಳಗ್ಗೆ)
ಒಂದು ದಿನ ಮುಂದೂಡಿದ್ದಾರೆ ನೋಡಿ, ಇವತ್ತು 16ರವರೆಗೆ. ರಾತ್ರಿ ಪ್ರಕಟಿಸಿದ್ದಾರೆ. ಹರೀಶಣ್ಣ, ಬೇಗ ಮುಗಿಸಿ.

ಹೋಂಸ್ಟೇ_ಹರೀಶ
ಬೆಳಗ್ಗೆ ಐದಕ್ಕೇ ಎದ್ದು ಹಾಕಿದೆ. ಐಟಿಆರ್-3. ಬೇಲೂರಿನವರಿಗೆ ಒಂದು ರಾತ್ರಿ ರೂಮು ಫ್ರೀ, ಭಾವ ಇಲ್ಲದ ದಿನ ಬನ್ನಿ.

ಮಳೆನಾಡು_ಮಾರಾಯ
ಎಲ್ಲ ಮುಗಿದ ಮೇಲೆ ನನ್ನದೊಂದು. ನೆರಳಿಗೆ ಅಂತ ಅಪ್ಪ ನೆಟ್ಟ ಸಿಲ್ವರ್ ಓಕ್ ಕಡಿದು ಮಾರಬೇಕು ಅಂತಿದ್ದೇನೆ. ಆ ದುಡ್ಡು ಕೃಷಿಯಾ?

ಲೆಕ್ಕದವನು_ಹಾಸನ
ನೆಟ್ಟು ಬೆಳೆಸಿದ್ದಕ್ಕೂ ತಾನಾಗಿ ಹುಟ್ಟಿದ್ದಕ್ಕೂ ವ್ಯತ್ಯಾಸ ಇದೆ. ನೆಲ ಹದ ಮಾಡಿ, ನೆಟ್ಟು, ಆರೈಕೆ ಮಾಡಿ ಬೆಳೆಸಿದ್ದಾದರೆ ಕೃಷಿ ಅಂತ ಹೇಳಲು ಆಧಾರ ಇದೆ. 1957ರಲ್ಲಿ ಸುಪ್ರೀಂ ಕೋರ್ಟ್ ರಾಜಾ ಬಿನಯ್ ಕುಮಾರ್ ಸಹಸ್ ರಾಯ್ ಪ್ರಕರಣದಲ್ಲಿ ಈ ಗೆರೆ ಎಳೆದಿದೆ. ತಾನಾಗಿ ಬೆಳೆದ ಕಾಡುಮರ ಆದರೆ ಕೃಷಿ ಅಲ್ಲ. ಯಾವಾಗ ನೆಟ್ಟದ್ದು, ಎಷ್ಟು ಮರ ಅನ್ನುವುದಕ್ಕೆ ಏನಾದರೂ ದಾಖಲೆ ಇದೆಯಾ?

ಮಳೆನಾಡು_ಮಾರಾಯ
ದಾಖಲೆ ಅಂದರೆ ಅಜ್ಜಿ ಒಬ್ಬರಿದ್ದಾರೆ. ಯಾವ ಮರ ಯಾವ ವರ್ಷ ಅಂತ ಬಾಯಲ್ಲೇ ಹೇಳುತ್ತಾರೆ.

ತೋಟದ_ಗೌಡ
ಮಾರಾಯ್ರೇ, ಮರ ಯಾರಿಗೆ ಮಾತಾಡಿದ್ದೀರಿ? ರೇಟು ಎಷ್ಟು ಹೇಳುತ್ತಿದ್ದಾರೆ?